ಮೆಹರುನಬಿಯ ಸೌಟು

ಮೆಹರುನಬಿಯ ಬಾಯಿ ಜೋರು ಎಂಬುದು ಕೊಪ್ಪಳಕ್ಕೆಲ್ಲ ಗೊತ್ತಿತ್ತು. ಅವಳ ಕೈರುಚಿ ಆ ಬಾಯಿಗಿಂತ ಒಂದು ತೂಕ ಹೆಚ್ಚೇ ಎಂಬುದೂ ಗೊತ್ತಿದ್ದುದರಿಂದ ಊರು ಬಾಯಿಯನ್ನು ಸಹಿಸಿಕೊಂಡಿತ್ತು. ಮದುವೆಯಿರಲಿ, ತಹಶೀಲ್ದಾರರ ಮನೆಯ ದಾವತ್ತಿರಲಿ, ಹಂಡೆಯ ಮುಚ್ಚಳ ತೆಗೆಯುವ ಹೊತ್ತಿಗೆ ಅವಳೇ ಎದುರಿಗೆ ನಿಂತಿರಬೇಕು. "ನನ್ನ ಬಿರಿಯಾನಿ ಉಂಡು ಕೈ ತೊಳಕೊಳ್ಳಾಕ ಮನಸ್ಸು ಬಂದವರನ್ನ ನಾ ಇನ್ನೂ ನೋಡಿಲ್ಲ" ಎಂದು ಅವಳೇ ಹೇಳಿಕೊಳ್ಳುತ್ತಿದ್ದಳು. ಬೇರೆಯವರು ಹೊಗಳಲಿ ಎಂದು ಕಾಯುತ್ತ ಕೂಡುವ ಜಾಯಮಾನ ಅವಳದಲ್ಲ.

ಗಂಡ ತೀರಿಕೊಂಡ ಮೇಲೆ ಅವಳು ಸ್ಟೇಷನ್ ಹತ್ತಿರದ ಹತ್ತಿ ಕಂಪನಿಯ ಬಂಗಲೆಯಲ್ಲಿ ಅಡುಗೆಗೆ ನಿಂತಿದ್ದಳು. ಬಂಗಲೆಯ ಹಿಂದಿನ ಎರಡು ಕೋಣೆಯ ಮನೆಯೇ ಅವಳ ವಾಸ. ಕಂಪನಿಯ ಪರವಾಗಿ ಹತ್ತಿ ಖರೀದಿ ಮಾಡುತ್ತಿದ್ದವನು ಸ್ಪಿರೋ ಸಾಹೇಬ. ಬಿಳಿ ತೊಗಲಿನವರೆಲ್ಲ ಇಂಗ್ರೇಜಿಯವರೇ ಎಂದು ನಂಬಿದ್ದ ನಮ್ಮ ಊರಿಗೆ, ಅವನು ಗ್ರೀಸ್ ಎಂಬ ಬೇರೆಯೇ ದೇಶದವನೆಂದು ತಿಳಿಯಲು ವರ್ಷಗಳೇ ಹಿಡಿದವು. ತಿಳಿದ ಮೇಲೂ ಯಾರೂ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಚಕ್ಕಡಿ ಹೊಡೆಯುವವರ ನಡುವೆ ಕನ್ನಡ ಕಲಿತವನು. ಬೈಗುಳ ಮೊದಲು ಬಾಯಿಗೆ ಬಂದು ಮಾತು ಆಮೇಲೆ ಬರುತ್ತಿತ್ತು. ಮದುವೆಯಿಲ್ಲ, ಮಕ್ಕಳಿಲ್ಲ. ಮೆಹರುನಬಿಯ ಖಾರಕ್ಕೆ ಕಣ್ಣೀರು ಸುರಿಸುತ್ತಲೇ ಉಣ್ಣುತ್ತಿದ್ದ.

ಅಷ್ಟರಲ್ಲಿ ಅತ್ತ ಯುದ್ಧ ಹತ್ತಿತು. ಸ್ಪಿರೋನ ಊರು ಸಮುದ್ರದ ನಡುವಿನ ಖಿಯೋ ಎಂಬ ದ್ವೀಪ. ಅದನ್ನು ಜರ್ಮನಿಯ ಸೈನ್ಯ ಹಿಡಿದುಕೊಂಡಿತು. ಹಿಂದೆಯೇ ಹಸಿವು ಬಂತು. ಒಂದು ಚಳಿಗಾಲವನ್ನು ಹೇಗೋ ದಾಟಿದ ಅವನ ತಾಯಿ ಮೀನುಗಾರರ ದೋಣಿಯಲ್ಲಿ ಆಚೆ ದಡ ಸೇರಿ, ಮಿಸರ ದೇಶಕ್ಕೆ, ಅಂದರೆ ಈಜಿಪ್ತಿಗೆ ಹೋಗಿ, ಅಲ್ಲಿಂದ ಹಡಗಿನಲ್ಲಿ ಮುಂಬಯಿಗೆ ಬಂದು, ಕೊನೆಗೆ ನಮ್ಮ ಕೊಪ್ಪಳ ಸ್ಟೇಷನ್ನಿನಲ್ಲಿ ರೈಲಿನಿಂದಿಳಿದಳು. ಕರಿ ಉಡುಪು, ತಲೆಗೆ ಕರಿ ವಸ್ತ್ರ. ಸೀರೆ ಉಟ್ಟಿದ್ದರೆ ನೆರಿಗೆಯೊಳಗೇ ಮಾಯವಾಗುತ್ತಿದ್ದಳು, ಅಷ್ಟು ಬಡಕಲು. ಹೆಸರು ಇವಂಥಿಯಾ. ಬಂಗಲೆಯ ಹಿತ್ತಲ ಗೋಡೆಯಾಚೆಯ ಮನೆಯ ಪಾರ್ವತೆಮ್ಮ ಅದನ್ನು ಎರಡು ಸಲ ಬಾಯಲ್ಲಿ ಆಡಿಸಿ ನೋಡಿ, "ಸೇವಂತೆವ್ವ ಅಂದ್ರಾತು ಬಿಡ್ರಿ" ಎಂದು ತೀರ್ಮಾನ ಕೊಟ್ಟಳು.

ಮೆಹರುನಬಿ ಅಂದು ಬಿರಿಯಾನಿ ಮಾಡಿದ್ದಳು. ಎಂಥ ಬಿರಿಯಾನಿ ಎಂದರೆ, ಮುಚ್ಚಳ ತೆಗೆದಾಗ ಪಾರ್ವತೆಮ್ಮ ತನ್ನ ಮನೆಯ ಕಿಟಕಿ ಮುಚ್ಚಿಕೊಳ್ಳಬೇಕಾಯಿತು. ಸೇವಂತೆವ್ವ ಹಂಡೆಯ ಹತ್ತಿರ ಬಂದು ಬಗ್ಗಿ ವಾಸನೆ ತೆಗೆದುಕೊಂಡಳು. ಕಣ್ಣು ಮುಚ್ಚಿ ಒಂದು ಗಳಿಗೆ ನಿಂತಳು. ಆಮೇಲೆ ಮುಚ್ಚಳವನ್ನು ತಾನೇ ಮುಚ್ಚಿ, ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು, ಮೆಹರುನಬಿಗೆ ಕೈ ಮುಗಿದು ಕೋಣೆಗೆ ಹೋಗಿಬಿಟ್ಟಳು.

ಹಂಡೆಯ ಮುಚ್ಚಳವನ್ನು ಮುಚ್ಚಿಸಿಕೊಂಡದ್ದು ಮೆಹರುನಬಿಯ ಜೀವಮಾನದಲ್ಲಿ ಅದೇ ಮೊದಲು. ಅವಳ ಮುಖ ನೋಡಿ ಸ್ಪಿರೋ ಅವಸರವಾಗಿ ಹೇಳಿದ:

"ಸಿಟ್ಟಾಗಬ್ಯಾಡ ಮೆಹರುನಬಿ. ಅವ್ವ ಉಪಾಸ ಅದಾಳ. ನಮ್ಮ ದೊಡ್ಡ ಹಬ್ಬ, ಯೇಸು ಮತ್ತ ಎದ್ದು ಬಂದ ಹಬ್ಬ, ಬರೋ ಮಟ ಇರ್ತಾಳ."

"ಅದನ್ನ ಮೊದಲ ಹೇಳಬಾರದೇನ್ರಿ ಸಾಹೇಬ್ರ? ಉಪಾಸ ಇದ್ದವರಿಗೆ ಹೆಂಗ ಉಣ್ಣಸಬೇಕು ಅಂತ ನನಗ ಯಾರೂ ಕಲಸಬೇಕಾಗಿಲ್ಲ."

ಸ್ಪಿರೋ ಇನ್ನೊಂದು ಮಾತನ್ನೂ ಹೇಳಿದ, ಮತ್ತು ಅದು ಮೆಹರುನಬಿಯ ಎದೆಗೆ ನಾಟಿತು. ಹಬ್ಬದೊಳಗೆ ತಾಯಿ ಚೇತರಿಸಿಕೊಳ್ಳದಿದ್ದರೆ ಅವಳನ್ನು ಮುಂಬಯಿಗೆ ಕರೆದುಕೊಂಡು ಹೋಗುವುದು. ಅಲ್ಲಿ ತಮ್ಮ ಕಡೆಯ ಕುಟುಂಬಗಳಿವೆ, ತಮ್ಮ ಅಡುಗೆ ಬಲ್ಲವರಿದ್ದಾರೆ. ಹಾಗಾದರೆ ತಾನೂ ಬಂಗಲೆ ಬಿಟ್ಟುಕೊಡುವವನೇ. ಮರುದಿನ ಅವನು ಹತ್ತಿ ಖರೀದಿಗೆಂದು ಕುಷ್ಟಗಿ, ಯಲಬುರ್ಗಾ ಕಡೆ ಹೊರಟುಹೋದ. ಸುಗ್ಗಿಯ ಕಾಲ, ಮನೆಯಲ್ಲಿ ಅವನು ಕೂಡುವಂತಿರಲಿಲ್ಲ.

ಮೆಹರುನಬಿಗೆ ಅವಮಾನವೂ ಆಗಿತ್ತು, ಹೆದರಿಕೆಯೂ ಆಗಿತ್ತು. ಹೆದರಿಕೆಯಾದಾಗ ಅವಳ ದನಿ ಇನ್ನೂ ಏರುತ್ತಿತ್ತು. ಸೀದಾ ಪೇಟೆಗೆ ಹೋಗಿ, ಹಕೀಮ ಉಮರಸಾಬರ ದವಾಖಾನೆಯ ಕಟ್ಟೆಯ ಮೇಲೆ, ಅಲ್ಲಿದ್ದ ಎಲ್ಲ ರೋಗಿಗಳ ಸಮಕ್ಷಮ ಆಣೆ ಹಾಕಿದಳು.

"ಕೇಳ್ರಿ ಹಕೀಮ್ರ. ಹಬ್ಬದ ದಿನ ಆ ಮುದುಕಿ ತನ್ನ ಬಾಯಿಲೆ 'ಇನ್ನೊಂದು ನೀಡು' ಅಂತ ಕೇಳಬೇಕು. ಕೇಳಲಿಲ್ಲ ಅಂದ್ರ, ಅಲ್ಲಾನ ಆಣಿ, ಈ ಮೆಹರುನಬಿ ಇನ್ನ ಮ್ಯಾಲ ಸೌಟು ಹಿಡಿಯಂಗಿಲ್ಲ!"

ಹಕೀಮರು ಗುಳಿಗೆ ಉರುಳಿಸುವುದನ್ನು ನಿಲ್ಲಿಸಿ ಕನ್ನಡಕದ ಮೇಲಿನಿಂದ ನೋಡಿದರು. "ಹುಚ್ಚಿ ಅದಿ ಏನು? ಬಂದ ಮಂದಿ ಎಂದಾರ ಹಂಗ ಕೇಳ್ತಾರೇನು?"

ಅವರ ಮಾತು ಸುಳ್ಳಲ್ಲ. ನಮ್ಮ ಕಡೆ ನೀಡುವವರು ಬಿಡದೆ ನೀಡಬೇಕು, ಉಣ್ಣುವವರು ಗಂಗಾಳಕ್ಕೆ ಕೈ ಅಡ್ಡ ಹಿಡಿದು "ಸಾಕು, ಸಾಕು" ಎನ್ನಬೇಕು. ಅದೇ ಮರ್ಯಾದೆ. "ಇನ್ನೊಂದು ನೀಡು" ಎಂದು ಗಂಗಾಳ ಮುಂದೆ ಒಡ್ಡುವವರು ಮನೆಯ ಮಕ್ಕಳು ಮಾತ್ರ. ಮೆಹರುನಬಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ಆದರೆ ಆಡಿದ ಮಾತನ್ನು ಹಿಂತೆಗೆದುಕೊಳ್ಳುವುದು ಗೊತ್ತಿರಲಿಲ್ಲ.

ಮನೆಗೆ ಬಂದವಳೇ ತನಗೆ ತಿಳಿದ ಉಪವಾಸವನ್ನು ಸೇವಂತೆವ್ವನಿಗೆ ಮಾಡಿಸತೊಡಗಿದಳು. ತಿಳಿದದ್ದು ರಮಜಾನಿನದು. ಬೆಳಕು ಹರಿಯುವ ಮುಂಚೆ ಮುದುಕಿಯ ಬಾಗಿಲು ಬಡಿದು ಎಬ್ಬಿಸಿ ಖಿಚಡಿ, ಖೀಮಾ ಮುಂದಿಟ್ಟಳು. ಮುದುಕಿ ನಿದ್ದೆಗಣ್ಣಲ್ಲಿ ಖಿಚಡಿಗೆ ಕೈ ಹಾಕಿ, ತುಪ್ಪದ ವಾಸನೆ ಬಂದು ಕೈ ತೆಗೆದಳು. ಹಗಲೆಲ್ಲ ಒಲೆ ಹೊತ್ತಿಸಲಿಲ್ಲ. ನೀರು ಕೇಳಿದರೂ ಮೆಹರುನಬಿ "ತೌಬಾ, ತೌಬಾ" ಎಂದು ಗಲ್ಲ ಬಡಿದುಕೊಂಡಳು. ಸಂಜೆ ಮಸೀದಿಯ ಕೂಗು ಕೇಳಿದ್ದೇ ತಡ, ಖರ್ಜೂರ, ಖೀಮಾ ಸಮೋಸಾ, ಹಲೀಮು ಸಾಲಾಗಿ ಬಂದವು. ಸೇವಂತೆವ್ವ ಖರ್ಜೂರವಷ್ಟನ್ನೇ ತಿಂದಳು. ಉಳಿದದ್ದನ್ನು ನೋಡಿ ಕಣ್ಣೀರು ಹಾಕಿದಳು.

ಹಿತ್ತಲ ಗೋಡೆಯಾಚೆ ಇದನ್ನೆಲ್ಲ ನೋಡುತ್ತಿದ್ದ ಪಾರ್ವತೆಮ್ಮನಿಗೆ ತಡೆಯಲಾಗಲಿಲ್ಲ. ಅವಳು ಅಡತಿ ವ್ಯಾಪಾರಿ ಕರಿಬಸಪ್ಪನ ಹೆಂಡತಿ. ಹಣೆ ತುಂಬ ವಿಭೂತಿ, ಸೋಮವಾರ ತಪ್ಪಿಸಿದವಳಲ್ಲ. ಉಪವಾಸವೆಂದರೆ ತನ್ನನ್ನು ಕೇಳಬೇಕು ಎಂಬುದು ಅವಳ ನಂಬಿಕೆ.

"ಯವ್ವಾ ಮೆಹರುನಬಿ, ಉಪಾಸ ಇದ್ದವರಿಗೆ ಖೀಮಾ ನೀಡತಾರೇನ? ಹಾಲು ಹಣ್ಣು ಕೊಡಬೇಕು" ಎಂದು, ಎಮ್ಮೆಯ ಹಾಲು, ಗಟ್ಟಿ ಮೊಸರು, ಬೆಣ್ಣೆಯ ಉಂಡೆ, ಆನೆಗೊಂದಿಯ ಬಾಳೆಹಣ್ಣು ಕಳಿಸಿದಳು. ಸೇವಂತೆವ್ವ ಬಾಳೆಹಣ್ಣು ತಿಂದಳು. ಹಾಲು, ಮೊಸರು, ಬೆಣ್ಣೆ ಹಾಗೆಯೇ ಹಿಂದಕ್ಕೆ ಹೋದವು. ಈಗ ಪಾರ್ವತೆಮ್ಮನಿಗೂ ಅವಮಾನವಾಯಿತು. ಅವಳ ಮನೆಯ ಮೊಸರು ಹಿಂದಕ್ಕೆ ಬಂದದ್ದೂ ಅದೇ ಮೊದಲು.

ಹೀಗೆ ಒಂದು ವಾರ. ಇಬ್ಬರು ಗಟ್ಟಿಗಿತ್ತಿಯರು, ಇಬ್ಬರಿಗೂ ತಮ್ಮ ಉಪವಾಸವೇ ಉಪವಾಸ. ನಡುವೆ ಮುದುಕಿ ಖರ್ಜೂರ, ಬಾಳೆಹಣ್ಣಿನ ಮೇಲೆ ದಿನ ದೂಡುತ್ತಿದ್ದಳು. ಅವಳಿಗೆ ಬಾಯಿಬಿಟ್ಟು ಹೇಳಲು ಭಾಷೆಯಿಲ್ಲ. ಭಾಷೆಯಿದ್ದರೂ, ಮುಂದೆ ಬಂದ ಅನ್ನವನ್ನು ಬೇಡವೆನ್ನಬೇಕಾದ ಸಂಕಟಕ್ಕೆ ಮಾತು ಹೊರಡುತ್ತಿತ್ತೋ ಇಲ್ಲವೋ. ಹಿಂದಕ್ಕೆ ಕಳಿಸುವ ಪ್ರತಿ ಗಂಗಾಳದ ಅಂಚಿಗೆ ಮುತ್ತಿಟ್ಟು ಕಳಿಸುತ್ತಿದ್ದಳು. ಅದನ್ನು ಕಂಡ ಮೆಹರುನಬಿ, "ಉಣ್ಣೋದು ಬಿಟ್ಟು ಗಂಗಾಳಕ್ಕ ಮುದ್ದು ಕೊಡ್ತಾಳ ನೋಡ" ಎಂದು ಹಲ್ಲು ಕಡಿದಳು.

ಗಂಟು ಬಿಚ್ಚಿದ್ದು ಒಂದು ಬುಟ್ಟಿ ಸೊಪ್ಪಿನಿಂದ. ಬಾವಿಯ ನೀರು ಹರಿಯುವ ತೋಟದ ಬದುವಿನಿಂದ ಆ ವರ್ಷದ ಕೊನೆಯ ಹಕ್ಕರಕಿ ತರಿಸಿ, ಪಾರ್ವತೆಮ್ಮ ಹಿತ್ತಲ ಕಟ್ಟೆಯ ಮೇಲೆ ಸೋಸುತ್ತ ಕುಳಿತಿದ್ದಳು. ನೆಲಕ್ಕೆ ಅಂಟಿಕೊಂಡು ಬೆಳೆಯುವ, ಹಲ್ಲು ಹಲ್ಲು ಎಲೆಯ, ತುಸು ಕಹಿಯ ಸೊಪ್ಪು. ರೊಟ್ಟಿಯ ಜೊತೆ ನಾವು ಹಸಿಯಾಗಿಯೇ ತಿನ್ನುತ್ತೇವೆ. ಹೊರಗೆ ಬಂದಿದ್ದ ಸೇವಂತೆವ್ವ ಬುಟ್ಟಿಯನ್ನು ಕಂಡು ನಿಂತಳು. ಗೋಡೆಯ ಸಂದಿಯಲ್ಲಿ ದಾಟಿಕೊಂಡು ಬಂದೇಬಿಟ್ಟಳು. ಒಂದೆಲೆ ಮುರಿದು ಬಾಯಿಗಿಟ್ಟು ಅಗಿದಳು. "ರಾದಿಕ್ಯಾ!" ಎಂದು ತನ್ನ ಭಾಷೆಯಲ್ಲಿ ಆ ಸೊಪ್ಪಿನ ಹೆಸರು ಕೂಗಿ, ಕಟ್ಟೆಯ ಮೇಲೆ ಕುಸಿದು ಕುಳಿತು ಅಳುತ್ತ ನಗುತ್ತ ಪಾರ್ವತೆಮ್ಮನ ಜೊತೆಗೇ ಸೊಪ್ಪು ಸೋಸಲು ಹತ್ತಿದಳು. ಬೇರು ಕೀಳುವುದು, ಹಣ್ಣೆಲೆ ತೆಗೆಯುವುದು, ಮಣ್ಣು ಕೊಡವುವುದು, ಎಲ್ಲ ನಮ್ಮ ಹೆಂಗಸರು ಮಾಡಿದ ಹಾಗೆಯೇ. ಪಾರ್ವತೆಮ್ಮ ಒಳಗೆ ಹೋಗಿ ಬಿಸಿ ರೊಟ್ಟಿ, ಹಕ್ಕರಕಿ, ಶೇಂಗಾ ಚಟ್ನಿ, ಒಂದು ಹೋಳು ನಿಂಬೆಹಣ್ಣು ತಂದು ಮುಂದಿಟ್ಟಳು. ರೊಟ್ಟಿ ತೀರಿತು. ಪಾರ್ವತೆಮ್ಮ ಕೇಳದೆಯೇ ಇನ್ನೊಂದು ಹಾಕಿದಳು, ಅದೂ ತೀರಿತು.

ಆಮೇಲೆ ನಡೆದದ್ದು ಮೂಕರ ಸಂತೆ. ಸೇವಂತೆವ್ವ ಎಮ್ಮೆಯತ್ತ ಬೆರಳು ಮಾಡಿ ತಲೆ ಅಲ್ಲಾಡಿಸಿದಳು, ಕೋಳಿಯತ್ತ, ಆಡಿನತ್ತ ಮಾಡಿ ಅಲ್ಲಾಡಿಸಿದಳು. ಜೋಳದ ಚೀಲ, ಕಡಲೆಯ ಚೀಲ, ಎಳ್ಳು, ಉಳ್ಳಾಗಡ್ಡಿ ತೋರಿಸಿ ಹೂಂಗುಟ್ಟಿದಳು. ಪಾರ್ವತೆಮ್ಮನಿಗೆ ಝಗ್ಗನೆ ಹೊಳೆಯಿತು. ಗೋಡೆಯ ಮೇಲಿಂದ ಕೂಗಿದಳು:

"ಮೆಹರುನಬೀ! ರಗತ ಇರೋ ಜೀವದಿಂದ ಬಂದದ್ದು ಏನೂ ಬ್ಯಾಡಂತವ್ವಾ ಈಕಿಗೆ. ಹಾಲೂ ಬ್ಯಾಡ, ತುಪ್ಪನೂ ಬ್ಯಾಡ. ಭೂಮಿಯಿಂದ ಬಂದದ್ದನ್ನ ಹೊಟ್ಟಿ ತುಂಬ ಉಣ್ತಾಳ. ಮಡಿಯೊಳಗ ನಮಗಿಂತ ಒಂದು ಕೈ ಮ್ಯಾಲ ಅದಾಳ ಈ ನಿಮ್ಮ ದೊರಸಾನಿ!"

ಮೆಹರುನಬಿ ಬಂದು ನೋಡಿದರೆ ತನ್ನ ಮನೆಯ ಮುದುಕಿ ಪಕ್ಕದ ಮನೆಯ ಗಂಗಾಳ ಬಳಿದು ತಿನ್ನುತ್ತಿದ್ದಾಳೆ. ಸಂತೋಷಪಡಬೇಕಾದ ಗಳಿಗೆ. ಅವಳಿಗೆ ಉರಿ ಹತ್ತಿತು. "ಸೊಪ್ಪು ಹಾಕಿ ಗೆದ್ದೀರೇನ್ರಿ ಅಕ್ಕಾರ? ಇರ್ರಿ, ನಾಳೆ ನನ್ನ ಒಲಿ ನೋಡ್ರಿ" ಎಂದು, ಸೇವಂತೆವ್ವನ ಕೈ ಹಿಡಿದು ನೇರ ತನ್ನ ಅಡುಗೆಮನೆಗೆ ಕರೆದೊಯ್ದಳು. ಒಳಗೆ ಕೂರಿಸಿ, ಸೌಟನ್ನು ಕೈಗೆ ಕೊಟ್ಟು, "ತೋರಸ್ರಿ" ಎಂದಳು. ಆ ಸೌಟನ್ನು ಅವಳು ಬೇರೆಯವರ ಕೈಗೆ ಕೊಟ್ಟದ್ದೇ ಇಲ್ಲ.

ಮುಂದಿನ ವಾರಗಳಲ್ಲಿ ಆ ಅಡುಗೆಮನೆಯಿಂದ ಬಂದ ಗದ್ದಲವನ್ನು ಸ್ಟೇಷನ್ನಿನವರೂ ಕೇಳಿದ್ದಾರೆ. ಸೇವಂತೆವ್ವ ಮೂಸಿ ನೋಡಿ ಎಣ್ಣೆ ಆರಿಸಿದಳು: ಒಳ್ಳೆಣ್ಣೆ ಬೇಡ, ಶೇಂಗಾ ಎಣ್ಣೆ ಬೇಡ, ಗಾಣದ ಕುಸುಬಿ ಎಣ್ಣೆ ಆದೀತು, ಅದೂ ಶನಿವಾರ, ರವಿವಾರ ಮಾತ್ರ. ಹಕ್ಕರಕಿಯನ್ನು ಕುದಿಸಿ ನಿಂಬೆರಸ ಹಿಂಡಿದಾಗ ಪಾರ್ವತೆಮ್ಮ ಗೋಡೆಯಾಚೆಯಿಂದ "ಛಲೋ ಸೊಪ್ಪು ಕೆಡಿಸಿದ್ಳು" ಎಂದು ನೊಂದುಕೊಂಡಳು. ಉಳ್ಳಾಗಡ್ಡಿಯನ್ನು ಇಡಿಯಾಗಿ ಬೇಯಿಸಿ, ಪದರ ಪದರ ಬಿಡಿಸಿ, ಒಂದೊಂದು ಪದರದಲ್ಲೂ ಗಂಗಾವತಿ ಕಡೆಯ ಅಕ್ಕಿ, ಒಣದ್ರಾಕ್ಷಿ, ಮೆಣಸು, ಸೊಪ್ಪು ತುಂಬಿ ಸುತ್ತಿ, ಪಾತ್ರೆಯ ತುಂಬ ಒತ್ತೊತ್ತಾಗಿ ಜೋಡಿಸಿ ಬೇಯಿಸಿದಳು. ಅದಕ್ಕೆ ಅವರ ಊರಿನಲ್ಲಿ ಏನೋ ಹೆಸರಿತ್ತು. ಇಲ್ಲಿ ಅದು ಉಳ್ಳಾಗಡ್ಡಿ ಎಣಗಾಯಿ ಆಯಿತು. ಮೆಹರುನಬಿ ಕಣ್ಣು ತಪ್ಪಿಸಿ ಅದಕ್ಕೆ ಖಾರದಪುಡಿ ಹಾಕಿದಳು, ಸೇವಂತೆವ್ವ ತಿಂದು ಬಾಯಿ ಬೀಸಿಕೊಳ್ಳುತ್ತ ಹಿತ್ತಲಿಗೆ ಓಡಿದಳು. ಕೊನೆಗೆ ಒಡಂಬಡಿಕೆಯಾಯಿತು: ಪಾತ್ರೆಯ ಅರ್ಧ ಖಾರದ್ದು, ಅರ್ಧ ಸಪ್ಪನೆಯದು, ಸಪ್ಪನೆಯದಕ್ಕೆ ಗುರುತಾಗಿ ಒಂದೊಂದು ಲವಂಗ.

ಜಗಳ ನಿಂತದ್ದು ಕಡಲೆಯ ಮಡಕೆಯ ಮುಂದೆ. ನೆನೆಸಿದ ಕಡಲೆ, ಉಳ್ಳಾಗಡ್ಡಿ, ಎಣ್ಣೆ, ನೀರು, ಅಷ್ಟೇ. ಮಡಕೆಯನ್ನು ಶನಿವಾರ ಸಂಜೆ ಕೆಂಡದಲ್ಲಿ ಹೂತರೆ ರವಿವಾರವೇ ತೆಗೆಯುವುದು. ಸೇವಂತೆವ್ವ ಮುಚ್ಚಳ ಇಟ್ಟು ಹಿಟ್ಟಿಗಾಗಿ ಅತ್ತಿತ್ತ ನೋಡಿದಳು. ಅಷ್ಟರಲ್ಲಿ ಮೆಹರುನಬಿ ನಾದಿದ ಹಿಟ್ಟಿನ ಸುರುಳಿ ಹಿಡಿದು ನಿಂತಿದ್ದಳು, ಬಿರಿಯಾನಿಯ ದಮ್ಮಿಗೆ ಹಂಡೆಯ ಬಾಯಿ ಮುಚ್ಚುವ ಹಾಗೆ ಮುಚ್ಚಲು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಸೇವಂತೆವ್ವ ಅವಳ ಗಲ್ಲ ಹಿಡಿದು ಅಲ್ಲಾಡಿಸಿದಳು. ಅಂದಿನಿಂದ ಮೆಹರುನಬಿ ಅವಳನ್ನು ದೊರೆಸಾನಿ ಎನ್ನುವುದು ಬಿಟ್ಟು ಅಮ್ಮಾ ಎನ್ನತೊಡಗಿದಳು.

ಅದೇ ಕಡಲೆ ಪಾರ್ವತೆಮ್ಮನ ಮನೆಯಲ್ಲೂ ಆಯಿತು, ಅವಳದೇ ಮಡಕೆಯಲ್ಲಿ, ಅವಳದೇ ಒಲೆಯಲ್ಲಿ. ಮೆಹರುನಬಿಯ ಮನೆಯ ನೀರನ್ನೂ ಮುಟ್ಟದವಳು ಮೆಹರುನಬಿಯ ಅಡುಗೆಯನ್ನು ಗೋಡೆಯ ಮೇಲಿನಿಂದ ಕೇಳಿಕೊಂಡು ಮಾಡುತ್ತಿದ್ದಳು. ಬದಲಿಗೆ ಸೇವಂತೆವ್ವನಿಗೆ ಕಟ್ಟೆಯ ಮೇಲೆ ಕೂರಿಸಿಕೊಂಡು ಕನ್ನಡ ಕಲಿಸುತ್ತಿದ್ದಳು: ರೊಟ್ಟಿ, ನೀರು, ಬಿಸಲು, ಬಾ ಯವ್ವಾ, ಕೂಡು.

ಸೇವಂತೆವ್ವನ ಗಲ್ಲಕ್ಕೆ ರಕ್ತ ಬಂತು. ಆದರೆ ಮೆಹರುನಬಿಯ ಆಣೆ ಆಣೆಯಾಗಿಯೇ ಉಳಿದಿತ್ತು, ಹಬ್ಬ ಹತ್ತಿರ ಬರುತ್ತಿತ್ತು. ಪೇಟೆಗೆ ಹೋದರೆ ಸಾಕು, "ಕೇಳಿದ್ಳೇನಬೇ ಮುದುಕಿ?" ಎನ್ನುವವರೇ. ಮೆಹರುನಬಿ ಒಂದು ಉಪಾಯ ಹೂಡಿದಳು. ಬಿಡದೆ ನೀಡುವುದನ್ನು ಬಿಟ್ಟಳು. ಗಂಗಾಳಕ್ಕೆ ತುಸುವೇ ಹಾಕಿ, ಪಾತ್ರೆ ಹಿಡಿದು ಎದುರಿಗೇ ನಿಲ್ಲುತ್ತಿದ್ದಳು. ಕೇಳಲಿ, ಬಾಯಿಬಿಟ್ಟು ಕೇಳಲಿ. ಸೇವಂತೆವ್ವ ಇದ್ದಷ್ಟನ್ನು ಉಂಡು, ರೊಟ್ಟಿಯ ಚೂರಿನಿಂದ ಗಂಗಾಳ ಒರೆಸಿ ತಿಂದು, ಬಿದ್ದ ತುಣುಕನ್ನು ಬೆರಳಿಗೆ ಅಂಟಿಸಿಕೊಂಡು ಬಾಯಿಗಿಟ್ಟು, ಕೈ ಮುಗಿದು ಏಳುತ್ತಿದ್ದಳು. ಕಣ್ಣು ಪಾತ್ರೆಯ ಮೇಲೆ ಇರುತ್ತಿತ್ತು. ಬಾಯಿ ತೆರೆಯುತ್ತಿರಲಿಲ್ಲ.

ಹಬ್ಬಕ್ಕೆ ಕೆಲವೇ ದಿನಗಳಿರುವಾಗ ಸ್ಪಿರೋ ಯಲಬುರ್ಗಾದಿಂದ ಬಂದ. ತಾಯಿಯ ಮುಖ ನೋಡಿ ಅವನಿಗೆ ಎಷ್ಟು ಸಮಾಧಾನವಾಯಿತೆಂದರೆ, ವರಾಂಡದಲ್ಲಿ ಕುಳಿತು ಮೆಹರುನಬಿಯನ್ನು ಕರೆದು ಹೊಗಳತೊಡಗಿದ. ಮೆಹರುನಬಿ ಹೊಗಳಿಕೆಗೆ ಕಿವಿಗೊಡಲಿಲ್ಲ.

"ಅದೆಲ್ಲ ಇರಲ್ರಿ ಸಾಹೇಬ್ರ. ಅಮ್ಮಾರು ಇನ್ನೊಂದು ನೀಡು ಅಂತ ಯಾಕ ಕೇಳಂಗಿಲ್ಲ? ಹಸಿವು ಇರ್ತೈತಿ, ನಾ ನೋಡೀನಿ. ಗಂಗಾಳ ಖಾಲಿ ಇಟಗೊಂಡು ಕೂಡ್ತಾರ. ನಾನೇನು ಪರಕೀಯಳೇನು?"

ಸ್ಪಿರೋ ಎದ್ದು ತಾಯಿಯ ಕೋಣೆಯ ಬಾಗಿಲನ್ನು ಮೆಲ್ಲಗೆ ಮುಂದೆ ಮಾಡಿ ಬಂದ. ಆಮೇಲೆ ಹೇಳಿದ, ಒಂದೂ ಬೈಗುಳವಿಲ್ಲದೆ:

"ಆ ಚಳಿಗಾಲದಾಗ ಊರಾಗ ಹಿಟ್ಟು ಇರಲಿಲ್ಲ ಮೆಹರುನಬಿ. ಇದ್ದದ್ದು ಸೈನ್ಯದವರು ಒಯ್ದರು. ಅವ್ವ ಹೊಲದ ಸೊಪ್ಪು ಕುದಿಸಿ ನೀಡತಿದ್ದಳು. ನಮ್ಮ ಅಣ್ಣನ ಮಗಳು ಎಲೆನಿ, ಸಣ್ಣ ಕೂಸು, ಉಂಡು ಗಂಗಾಳ ಮುಂದ ಹಿಡಿದು 'ಅಜ್ಜಿ, ಇನ್ನೊಂದು ನೀಡು' ಅನ್ನತಿತ್ತು. ಇರಲಿಲ್ಲ. ದಿನಾ ಕೇಳತಿತ್ತು, ದಿನಾ ಇರಲಿಲ್ಲ. ಒಂದಿನ ಕೇಳೋದು ಬಿಡ್ತು. ಮುಂದ ಭಾಳ ದಿನ ಉಳೀಲಿಲ್ಲ."

ಮೆಹರುನಬಿ ಕಂಬ ಹಿಡಿದು ನಿಂತಿದ್ದಳು.

"ನಾನು ಕೇಳಿದೆ," ಸ್ಪಿರೋ ಹೇಳಿದ. "ಅಷ್ಟು ಹಸಿದು ಬಂದಾಕಿ ಮತ್ತ ಉಪಾಸ ಯಾಕವ್ವಾ ಅಂದೆ. 'ಉಣ್ಣಾಕ ಇದ್ದು ಬಿಟ್ರ ಅದು ಉಪಾಸ. ಇಲ್ಲದ್ದು ಬರೇ ಹಸಿವು. ಈಗ ನನ್ನ ಮಗನ ಮನ್ಯಾಗ ಐತಿ, ಅದಕ್ಕ ಬಿಡ್ತೀನಿ' ಅಂದ್ಲು."

ಮೆಹರುನಬಿಗೆ ತಾನು ಪಾತ್ರೆ ಹಿಡಿದು ಎದುರಿಗೆ ನಿಂತದ್ದು ನೆನಪಾಗಿ ಮೈಯೆಲ್ಲ ಬೆಂಕಿಯಾಯಿತು. ಹೋಗಿ ಅಡುಗೆಮನೆಯ ಮೂಲೆಯಲ್ಲಿ ಕುಳಿತು ಅತ್ತಳು. ಅತ್ತದ್ದು ಬಹಳ ಹೊತ್ತಲ್ಲ. ಅಳುತ್ತ ಕೂಡುವ ಹೆಂಗಸಲ್ಲ ಅವಳು. ಎದ್ದು ಮುಖ ತೊಳೆದು ಪೇಟೆಗೆ ನಡೆದಳು.

"ಹಕೀಮ್ರ, ನಾ ಸೋತೆ," ಎಂದಳು ದವಾಖಾನೆಯ ಕಟ್ಟೆ ಏರುತ್ತಲೇ. ಸೋತೆ ಎನ್ನುವಾಗಲೂ ಆ ದನಿ ಬೀದಿಯ ಆಚೆ ತುದಿ ಮುಟ್ಟಿತು. "ಹಬ್ಬದ ಅಡಗಿ ಮಾಡಿ ಸೌಟು ಕೆಳಗ ಇಡ್ತೀನಿ. ಆ ಮಾತು ಆಕಿ ಬಾಯಾಗಿಂದ ಬರಸೋದು ಪಾಪ. ಬರಸಂಗಿಲ್ಲ."

"ಹೊಟ್ಟಿಗೆ ಏನು ಮಾಡ್ತಿ?"

"ಸೌಟು ಹಿಡಿಯಂಗಿಲ್ಲ ಅಂದೀನಿ, ಕೈ ಕಡಕೊಂತೀನಿ ಅಂದಿಲ್ಲ. ಹತ್ತಿ ಅರಳಿಸ್ತೀನಿ, ಕೌದಿ ಹೊಲಿತೀನಿ."

ಹಕೀಮರು ಕಲ್ಲಿನ ಖಲಬತ್ತಿನಲ್ಲಿ ಏನನ್ನೋ ಕುಟ್ಟುತ್ತಿದ್ದರು. ಮೆಹರುನಬಿ ಇಳಿಯಲು ಹೊರಟವಳು ತಟ್ಟನೆ ತಿರುಗಿದಳು. ಆ ವಾಸನೆ ಅವಳಿಗೆ ಗೊತ್ತಿತ್ತು. ಸೇವಂತೆವ್ವನ ಕರಿ ವಸ್ತ್ರದ ತುದಿಯಲ್ಲಿ ಒಂದು ಸಣ್ಣ ಗಂಟು. ಒಬ್ಬಳೇ ಇದ್ದಾಗ ಮುದುಕಿ ಅದನ್ನು ಮೂಗಿಗೆ ಹಿಡಿಯುತ್ತಿದ್ದಳು. ಒಳಗಿದ್ದದ್ದು ಸವೆದು ಹೋಗಿ ಬರೀ ಪುಡಿ ಉಳಿದಿತ್ತು. ಹಬ್ಬದ ಸಿಹಿ ರೊಟ್ಟಿಯ ಮಾತು ಬಂದಾಗ ಅದನ್ನೇ ತೋರಿಸಿ, ಇದಿಲ್ಲದೆ ಆಗುವುದಿಲ್ಲ ಎಂದು ಕೈಯಾಡಿಸಿ, ರೊಟ್ಟಿಯ ಆಸೆಯನ್ನೇ ಬಿಟ್ಟಿದ್ದಳು.

"ಅದೇನ್ರಿ ಕುಟ್ಟಾಕ ಹತ್ತೀರಿ?"

"ರೂಮಿ ಮಸ್ತಗಿ. ಹೊಟ್ಟಿನೋವಿಗೆ. ಸಮುದ್ರದ ನಡುವಿನ ಯಾವುದೋ ಒಂದು ನಡುಗಡ್ಡಿಯಾಗ ಗಿಡದ ತೊಗಟಿಗೆ ಗಾಯ ಮಾಡ್ತಾರಂತ, ಗಿಡ ಕಣ್ಣೀರು ಹಾಕತೈತಂತ. ಈ ಹಳಕು ಅದ ಕಣ್ಣೀರು." ಹಕೀಮರು ಗಾಜಿನ ಭರಣಿ ಎತ್ತಿ ತೋರಿಸಿದರು. ತಳದಲ್ಲಿ ಹಳದಿ ಬಿಳುಪಿನ ಹಳಕುಗಳು ಹಿಡಿಯಷ್ಟೂ ಇರಲಿಲ್ಲ. "ಯುದ್ಧ ಹತ್ತಿದಾಗಿಂದ ಮುಂಬಯಿಯಿಂದ ಮಾಲು ಬಂದಿಲ್ಲ."

"ಕೊಡ್ರಿ ಇತ್ತ."

"ಎಷ್ಟು?"

"ಎಲ್ಲಾ."

ಬೇರೆ ಯಾರಿಗಾದರೂ ಹಕೀಮರು ಬೈದು ಕಳಿಸುತ್ತಿದ್ದರು. ಅವರ ಮೂವರು ಹೆಣ್ಣುಮಕ್ಕಳ ಮದುವೆಯ ಬಿರಿಯಾನಿ ಮಾಡಿದವಳು ಇವಳೇ. ಭರಣಿಯನ್ನು ಕಾಗದದ ಮೇಲೆ ಬೋರಲು ಹಾಕಿದರು. "ಸಕ್ಕರಿ ಕೂಡಿಸಿ ಕುಟ್ಟು, ಇಲ್ಲಾಂದ್ರ ಒನಕಿಗೆ ಹತಗೊಂಡು ಕೂಡತೈತಿ" ಎಂದರು.

ಹಬ್ಬದ ಹಿಂದಿನ ದಿನ ಸೇವಂತೆವ್ವ ಕೋಣೆಯಲ್ಲಿ ದೀಪ ಹಚ್ಚಿಕೊಂಡು ಪ್ರಾರ್ಥನೆಯಲ್ಲಿ ಕುಳಿತಿದ್ದಾಗ ಮೆಹರುನಬಿ ಅಡುಗೆಮನೆಯ ಬಾಗಿಲು ಹಾಕಿಕೊಂಡಳು. ಮೈದಾ, ಮೊಟ್ಟೆ, ಹಾಲು, ತುಪ್ಪ, ಸಕ್ಕರೆ. ಹಬ್ಬಕ್ಕೆ ಈಗ ಎಲ್ಲವೂ ಸಲ್ಲುತ್ತದೆ. ನಾನ್ ರೊಟ್ಟಿಗೆಂದು ಸಾಕಿಕೊಂಡಿದ್ದ ಖಮೀರು, ಹುಳಿ ಹಿಟ್ಟು, ಹಾಕಿ ನಾದಿದಳು. ಮಸ್ತಗಿಯನ್ನು ಸಕ್ಕರೆಯ ಜೊತೆ ಕುಟ್ಟಿ ಬೆರೆಸಿದಳು. ಸೇವಂತೆವ್ವ ಬೆರಳಿನಿಂದ ಗಾಳಿಯಲ್ಲಿ ತೋರಿಸಿದ್ದ ಹಾಗೆ ಹಿಟ್ಟನ್ನು ಮೂರು ಎಳೆ ಮಾಡಿ ಜಡೆ ಹೆಣೆದಳು. ಹಂಡೆಯಲ್ಲಿ ಉಸುಕು ಹಾಕಿ, ಮೇಲೆ ಕೆಳಗೆ ಕೆಂಡವಿಟ್ಟು ಬೇಯಿಸಿದಳು. ವಾಸನೆ ಬಾಗಿಲಾಚೆ ಹೋಗಬಾರದೆಂದು ಸಂದಿಗೆಲ್ಲ ಒದ್ದೆ ಬಟ್ಟೆ ತುರುಕಿದಳು. ಒಳಗೆ ತಾನೇ ಬೆಂದುಹೋದಳು, ಆದರೂ ಬಾಗಿಲು ತೆರೆಯಲಿಲ್ಲ.

ಹಬ್ಬದ ಮಧ್ಯಾಹ್ನ ವರಾಂಡದಲ್ಲಿ ಊಟ. ಉಳ್ಳಾಗಡ್ಡಿ ಸಿಪ್ಪೆಯಲ್ಲಿ ಕುದಿಸಿ ಕೆಂಪಾದ ಮೊಟ್ಟೆಗಳು, ನಿಂಬೆರಸದ ಆಡಿನ ಮರಿಯ ಮಾಂಸ, ಒಂದು ಕಡೆ ಮೆಹರುನಬಿಯ ಬಿರಿಯಾನಿಯ ಹಂಡೆ, ಮುಚ್ಚಳ ಇನ್ನೂ ತೆಗೆದಿಲ್ಲ. ಸ್ಪಿರೋ ಹಕೀಮರನ್ನೂ ಕರೆದಿದ್ದ. ಸೇವಂತೆವ್ವ ತನ್ನ ಪಕ್ಕದಲ್ಲಿ ಒಂದು ಮಣೆ ಹಾಕಿಸಿ ಖಾಲಿ ಬಿಡಿಸಿದ್ದಳು. ಮಾಂಸದ ಮನೆಗೆ ಬಾರದ ಪಾರ್ವತೆಮ್ಮ ಗೋಡೆಯಾಚೆ ತನ್ನ ಕಟ್ಟೆಯ ಮೇಲೆ ನಿಂತು, ಬಂದದ್ದಕ್ಕಿಂತ ಹೆಚ್ಚಾಗಿಯೇ ಎಲ್ಲವನ್ನೂ ನೋಡುತ್ತಿದ್ದಳು.

ಮೆಹರುನಬಿ ಬಟ್ಟೆ ಮುಚ್ಚಿದ ತಾಟನ್ನು ತಂದು ಸೇವಂತೆವ್ವನ ಮುಂದಿಟ್ಟಳು. ರೊಟ್ಟಿ ಇಡಿಯಾಗಿತ್ತು, ಪಕ್ಕದಲ್ಲಿ ಚಾಕು. ನೀಡಲು ಯಾರೂ ಬೇಡ, ಕೇಳುವ ಹಂಗೂ ಬೇಡ, ಬೇಕಾದಷ್ಟು ಕೊಯ್ದುಕೊಳ್ಳಲಿ. ಆಮೇಲೆ ತನ್ನ ಸೌಟನ್ನು ಎಲ್ಲರೂ ನೋಡುವ ಹಾಗೆ ವರಾಂಡದ ಗೋಡೆಯ ಮೇಲೆ ಇಟ್ಟಳು.

"ನೋಡ್ರಿ ಹಕೀಮ್ರ, ಇಟ್ಟೀನಿ. ಆಡಿದ ಮಾತಿಗೆ ತಪ್ಪಾಕಿ ಅಲ್ಲ ನಾನು."

ಹಕೀಮರು ಏನೋ ಹೇಳಹೋದರು. ಅಷ್ಟರಲ್ಲಿ ಸೇವಂತೆವ್ವ ಬಟ್ಟೆ ಸರಿಸಿದ್ದಳು. ಜಡೆಯ ತುದಿ ಮುರಿದು ಮೂಗಿನ ಹತ್ತಿರ ತಂದಳು. ಅವಳ ಕೈ ಅಲ್ಲೇ ನಿಂತಿತು.

"ಖಿಯೋ," ಎಂದಳು ಮೆಲ್ಲಗೆ. ತನ್ನ ಊರಿನ ಹೆಸರು.

ತಿಂದಳು. ಕಣ್ಣು ಮುಚ್ಚಿಕೊಂಡು, ಅವಸರವಿಲ್ಲದೆ, ತುಣುಕೂ ಬೀಳದ ಹಾಗೆ ತಿಂದಳು. ಚಾಕು ಅವಳ ಕೈಯ ಪಕ್ಕದಲ್ಲೇ ಇತ್ತು. ಅದನ್ನು ಅವಳು ಮುಟ್ಟಲಿಲ್ಲ. ಖಾಲಿ ಗಂಗಾಳವನ್ನು ಎರಡೂ ಕೈಯಲ್ಲಿ ಎತ್ತಿ ಮೆಹರುನಬಿಯ ಮುಂದೆ ಹಿಡಿದಳು.

"ಇನ್ನೊಂದು ನೀಡವ್ವಾ," ಎಂದಳು, ಪಾರ್ವತೆಮ್ಮನ ಕಟ್ಟೆಯ ಕನ್ನಡದಲ್ಲಿ.

ಮೆಹರುನಬಿ ಚಾಕು ಎತ್ತಿಕೊಂಡಳು. ಒಂದು ದೊಡ್ಡ ತುಂಡು ಕೊಯ್ದು ಹಾಕಿದಳು. ಸೇವಂತೆವ್ವ ಅದನ್ನು ತಿನ್ನಲಿಲ್ಲ. ತನ್ನ ಪಕ್ಕದ ಖಾಲಿ ಮಣೆಯ ಮುಂದೆ ಆ ಗಂಗಾಳವಿಟ್ಟು, ಅದರ ಅಂಚನ್ನು ಒಮ್ಮೆ ಸವರಿದಳು. ಸ್ಪಿರೋ ಮುಖ ಆಚೆ ತಿರುಗಿಸಿದ. ಸೇವಂತೆವ್ವ ಬೇರೊಂದು ಗಂಗಾಳ ತೆಗೆದುಕೊಂಡು ಮತ್ತೆ ಮುಂದೆ ಹಿಡಿದಳು.

"ಇನ್ನೊಂದು ನೀಡು. ಇದು ನನಗ."

ಹಕೀಮ ಉಮರಸಾಬರು ಎದ್ದುಹೋಗಿ ಗೋಡೆಯ ಮೇಲಿನ ಸೌಟನ್ನು ತಂದು ಮೆಹರುನಬಿಯ ಕೈಗಿಟ್ಟರು. ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡು, ಎಂದಿನ ದನಿಯಲ್ಲಿ, "ಹಿಂಗ ನೋಡಕೋತ ಕುಂತ್ರ ಬಿರಿಯಾನಿ ಆರತೈತಿ, ಗಂಗಾಳ ಹಿಡೀರಿ ಎಲ್ಲಾರೂ" ಎಂದು ಹಂಡೆಯ ಮುಚ್ಚಳ ತೆಗೆದಳು. ಗೋಡೆಯಾಚೆ ಪಾರ್ವತೆಮ್ಮ ಮೂಗಿಗೆ ಸೆರಗು ಹಿಡಿದಳೇ ಹೊರತು ಒಳಗೆ ಹೋಗಲಿಲ್ಲ. ಮೆಹರುನಬಿ ಸೇವಂತೆವ್ವನಿಗೆ ಬಡಿಸಿದಳು, ಹಕೀಮರಿಗೆ ಬಡಿಸಿದಳು, ಸ್ಪಿರೋಗೆ ಬಡಿಸಿದಳು. ಆಮೇಲೆ ಆ ಖಾಲಿ ಮಣೆಯ ಮುಂದಿನ ಗಂಗಾಳಕ್ಕೂ ಬಡಿಸಿದಳು, ಖಾರ ಹತ್ತದ ಮೇಲಿನ ಅನ್ನವನ್ನು ಆರಿಸಿ, ಕೂಸಿಗೆ ನೀಡುವ ಹಾಗೆ.